ಪದ್ದು, ಪುಟ್ಟಿಯ ರಿಂಜಾನಿ ವಿಷಯಕ್ಕೆ

ಪದ್ದು, ನಿನ್ನ ಮೆಸೇಜ್ ಬೆಳಗ್ಗೆನೇ ನೋಡಿದೆ. ಪುಟ್ಟಿ ಆಗಸ್ಟ್‌ನಲ್ಲಿ ಆಫೀಸಿನವರ ಜೊತೆ ಇಂಡೋನೇಷ್ಯಾಗೆ ಹೋಗುತ್ತಾಳೆ, ಲೊಂಬೊಕ್ ದ್ವೀಪದಲ್ಲಿ ರಿಂಜಾನಿ ಹತ್ತುತ್ತಾಳೆ, ಮೂರು ದಿನ ಎರಡು ರಾತ್ರಿ. ಚಿಕ್ಕವಳಿದ್ದಾಗ ವೀಸಿಂಗ್ ಇತ್ತಲ್ಲ, ಕಳಿಸಲೋ ಬೇಡವೋ, ಅಕ್ಕ ನೀನು ಹೋಗಿದ್ದೆಯಲ್ಲ ಹೇಳು ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೆ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಪುಟ್ಟಿ, ನೀನೂ ಕೇಳು. ವೇಗ ಜಾಸ್ತಿ ಮಾಡಿಕೊಂಡು ಕೇಳಬೇಡ.

ಹಾಸನದ ಚಿಕ್ಕಪ್ಪ ಆಗಲೇ ಬರೆದಿದ್ದಾರೆ, ಅದು ಜ್ವಾಲಾಮುಖಿ, ಸಿಡಿದರೆ ಏನು ಗತಿ ಅಂತ. ಚಿಕ್ಕಪ್ಪ, ಅದು ಜೀವಂತ ಜ್ವಾಲಾಮುಖಿ ಅನ್ನೋದು ನಿಜ. ಮೇಲೆ ದೊಡ್ಡ ಕೆರೆ ಇದೆ, ಸೆಗಾರ ಅನಾಕ್ ಅಂತ. ಆ ಕೆರೆಯ ಪಕ್ಕದಲ್ಲಿ ಬರುಜಾರಿ ಅಂತ ಸಣ್ಣ ಶಿಖರ, ಸಿಡಿಯುವುದು ಅದು. 2015ರಲ್ಲಿ ಅದರ ಬೂದಿ ಹಾರಿ ಬಾಲಿಯ ಏರ್‌ಪೋರ್ಟನ್ನೇ ಮುಚ್ಚಿದ್ದರು. ಆದರೆ ಅದನ್ನು ನೋಡಿಕೊಳ್ಳಲು ಜನ ಇದ್ದಾರೆ, ಸೂಚನೆ ಸಿಕ್ಕಿದರೆ ದಾರಿ ಮುಚ್ಚುತ್ತಾರೆ. ನನ್ನ ಭಯ ಬೆಂಕಿಯದ್ದಲ್ಲ. ಚಳಿಯದ್ದು, ಮತ್ತೆ ಜೊತೆಗೆ ಹೋಗುವವರದ್ದು.

ಪುಟ್ಟಿ ಹೇಳಿದಳಂತೆ, ಕುಮಾರ ಪರ್ವತ ಹತ್ತಿದ್ದೇನೆ, ಅದಕ್ಕಿಂತ ಏನು ಕಷ್ಟ ಅಂತ. ಕುಕ್ಕೆಯಿಂದ ಹತ್ತುವುದು ಸುಲಭ ಅಂತ ಯಾರೂ ಹೇಳುವುದಿಲ್ಲ, ಅದರಲ್ಲಿ ನಿನಗೆ ಪೂರ್ತಿ ಮಾರ್ಕು. ಆದರೆ ಕುಮಾರ ಪರ್ವತದ ತುದಿ 1712 ಮೀಟರ್. ರಿಂಜಾನಿಯಲ್ಲಿ ಮೊದಲ ರಾತ್ರಿ ಟೆಂಟ್ ಹಾಕುವ ಜಾಗವೇ 2639 ಮೀಟರ್. ತುದಿ 3726. ಊಟ ಮಾಡಿ ಮಲಗಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ, ಅಲ್ಲಿಂದ ಇನ್ನೂ ಸಾವಿರ ಮೀಟರ್ ಹತ್ತಿಸುತ್ತಾರೆ. ಅದೂ ಕತ್ತಲಲ್ಲಿ. ಕೊನೆಯ ಭಾಗದಲ್ಲಿ ನೆಲವೇ ಇಲ್ಲ, ಬರೀ ಬೂದಿ ಮತ್ತೆ ಸಡಿಲ ಜಲ್ಲಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಎರಡೂ ಕಡೆ ಇಳಿಜಾರು. ಗಾಳಿ ಬೀಸಿದರೆ ಕಣ್ಣು ಬಿಡಲು ಆಗುವುದಿಲ್ಲ.

ನಾವು ಹೋಗಿದ್ದು ಬಾಲಿಯಲ್ಲಿ ಬಾಂಬ್ ಆಯಿತಲ್ಲ, ಅದರ ಮುಂದಿನ ವರ್ಷ. ಆಗ ನಿಮ್ಮ ಭಾವನಿಗೆ ಇಂಡೋನೇಷ್ಯಾದಲ್ಲೇ, ಜಾವಾ ದ್ವೀಪದ ಪುರ್ವಾಕರ್ತಾದ ಮಿಲ್ಲಿನಲ್ಲಿ ಕೆಲಸ, ನಿಮಗೆಲ್ಲ ಗೊತ್ತೇ ಇದೆ. ಕ್ವಾರ್ಟರ್ಸಿನಲ್ಲಿ ನಮ್ಮ ದೇಶದವರೇ ಜಾಸ್ತಿ. ರಜೆ ಬಂತು, ಎಲ್ಲರೂ ಸೇರಿ ಹೊರಟೆವು. ಮಕ್ಕಳನ್ನು ಪಕ್ಕದ ಮನೆಯ ತಮಿಳಿನವರ ಹತ್ತಿರ ಬಿಟ್ಟಿದ್ದೆ. ಮುಂದೆ ನಿಂತು ಎಲ್ಲ ಏರ್ಪಾಡು ಮಾಡಿದವರು ಮಿಲ್ಲಿನಲ್ಲೇ ಒಬ್ಬರು ದೊಡ್ಡ ಹುದ್ದೆಯವರು, ಹೆಸರು ಬೇಡ. ಅಷ್ಟು ದೊಡ್ಡ ಗುಂಪಿಗೆ ಅವರು ಮಾಡಿದ್ದು ಒಬ್ಬನೇ ಗೈಡ್. ಇನ್ನೊಬ್ಬ ಯಾಕೆ, ಸುಮ್ನೆ ದುಡ್ಡು ದಂಡ ಅಂದರು.

ಮೊದಲ ದಿನ ಸೆಂಬಾಲುನ್ ಹಳ್ಳಿಯಿಂದ ಹೊರಟೆವು. ಹುಲ್ಲುಗಾವಲು, ಬಿಸಿಲು, ಆಮೇಲೆ ಸಾಲಾಗಿ ಗುಡ್ಡಗಳು. ನಾನು ಚೆನ್ನಾಗಿಯೇ ನಡೆದೆ. ಸಾಮಾನು ಹೊರುವವರು ಸಾಸಕ್ ಜನ, ಅಲ್ಲಿಯ ಮೂಲದವರು. ಒಂದು ಬಿದಿರಿನ ಗಳು ಹೆಗಲ ಮೇಲೆ, ಎರಡು ತುದಿಗೂ ಬುಟ್ಟಿ. ಅದರಲ್ಲಿ ಟೆಂಟು, ಅಕ್ಕಿ, ನೀರು, ಸ್ಟವ್ ಎಲ್ಲ. ಕಾಲಿಗೆ ಹವಾಯಿ ಚಪ್ಪಲಿ. ನಾವು ಶೂ ಹಾಕಿಕೊಂಡು ಏದುಸಿರು ಬಿಡುತ್ತಿದ್ದರೆ ಅವರು ಬೀಡಿ ಸೇದುತ್ತಾ ದಾಟಿ ಹೋಗುತ್ತಿದ್ದರು. ಅವರ ಹೆಗಲ ಮೇಲೆ ಗಳು ಉಜ್ಜಿ ಉಜ್ಜಿ ಚರ್ಮ ದಪ್ಪ ಗಂಟು ಕಟ್ಟಿತ್ತು. ನಾನು ಅದನ್ನು ಇವತ್ತಿಗೂ ಮರೆತಿಲ್ಲ.

ರಾತ್ರಿ ಹೊರಟಾಗ ಎಲ್ಲರೂ ಒಟ್ಟಿಗೇ ಇದ್ದೆವು. ಒಂದೆರಡು ಗಂಟೆ ಆದ ಮೇಲೆ ನನ್ನ ಬಲ ಮಂಡಿ ಹಿಡಿಯಿತು. ಹತ್ತುತ್ತಿದ್ದೆ, ಆದರೆ ನಿಧಾನ. ನಿಮ್ಮ ಭಾವ ಮುಂದೆ ಹೋಗಿದ್ದರು, ನಾನು ಮಿಕ್ಕ ಹೆಂಗಸರ ಜೊತೆ ಬರುತ್ತಿದ್ದೇನೆ ಅಂದುಕೊಂಡಿದ್ದರು. ಮಿಕ್ಕ ಹೆಂಗಸರು ನಾನು ಗಂಡನ ಜೊತೆ ಹೋದೆ ಅಂದುಕೊಂಡಿದ್ದರು. ಆ ದೊಡ್ಡ ಮನುಷ್ಯರು ನನ್ನನ್ನು ನೋಡಿ, 'ಅಕ್ಕಾ, ನೀವು ಇಲ್ಲೇ ಈ ಬಂಡೆ ಹತ್ತಿರ ಕೂತಿರಿ, ಅರ್ಧ ಗಂಟೆಯಲ್ಲಿ ಬಂದುಬಿಡುತ್ತೇವೆ, ಸೂರ್ಯೋದಯ ತಪ್ಪಿಹೋಗುತ್ತದೆ' ಅಂದು ಗೈಡನ್ನೂ ಕರೆದುಕೊಂಡು ನಡೆದರು.

ಅರ್ಧ ಗಂಟೆ ಅಂತೆ! ಆ ಜಲ್ಲಿಯಲ್ಲಿ ಅರ್ಧ ಗಂಟೆಗೆ ಎಷ್ಟು ದೂರ ಹೋಗಲು ಆಗುತ್ತದೆ ಹೇಳು.

ಹತ್ತುವಾಗ ಮೈಯೆಲ್ಲ ಬೆವರು, ಒಳಗಿನ ಹತ್ತಿ ರವಿಕೆ ಒದ್ದೆ. ಕೂತ ಐದು ನಿಮಿಷಕ್ಕೆ ಆ ಬೆವರೇ ಮಂಜುಗಡ್ಡೆ ಆದ ಹಾಗೆ ಆಯಿತು. ಬೆಚ್ಚನೆಯ ಶಾಲು, ಇನ್ನೊಂದು ಸ್ವೆಟರ್ ಎಲ್ಲ ಕೆಳಗೆ ಟೆಂಟಿನಲ್ಲಿ. ಮೇಲೆ ಭಾರ ಬೇಡ, ಬಿಟ್ಟು ಬನ್ನಿ ಅಂತ ಅವರೇ ಹೇಳಿದ್ದರು. ಜಾಕೆಟ್ಟಿನ ಜಿಪ್ ಎಳೆಯಲು ಹೋದರೆ ಬೆರಳು ಮಡಚುತ್ತಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. ಮೇಲೆ ಅವರ ಟಾರ್ಚಿನ ದೀಪಗಳು ಸಾಲಾಗಿ ಕಾಣುತ್ತಿದ್ದವು, ಮಂಜು ಬಂತು, ಅದೂ ಹೋಯಿತು. ಮೊದಲು ಮೈ ಗಡಗಡ ನಡುಗಿತು. ಆಮೇಲೆ ನಡುಕ ನಿಂತಿತು. ಹಾಯಾಗಿ ನಿದ್ದೆ ಬರುವ ಹಾಗೆ ಆಯಿತು. ಪುಟ್ಟಿ, ಇದನ್ನು ಗಮನ ಇಟ್ಟು ಕೇಳು. ಚಳಿಯಲ್ಲಿ ನಡುಕ ನಿಂತು ನಿದ್ದೆ ಬಂತು ಅಂದರೆ ಮೈ ಸೋಲುತ್ತಿದೆ ಅಂತ ಅರ್ಥ. ಆವಾಗ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬೇರೆ ಯಾವುದೋ ಗುಂಪಿನ ಜೊತೆ ಬರುತ್ತಿದ್ದ ಸಾಸಕ್ ಹುಡುಗ ನನ್ನನ್ನು ನೋಡಿದ. 'ಜಾಂಗನ್ ತಿದುರ್, ಇಬು, ಜಾಂಗನ್ ತಿದುರ್' ಅಂತ ಕೂಗಿದ. ನಿದ್ದೆ ಮಾಡಬೇಡಿ ಅಮ್ಮಾ ಅಂತ. ತಾನು ಹೊದ್ದಿದ್ದ ಲುಂಗಿ ತೆಗೆದು ನನ್ನ ತಲೆ ಕಿವಿ ಎಲ್ಲ ಸುತ್ತಿದ. ರೆಟ್ಟೆ ಹಿಡಿದು ಎಬ್ಬಿಸಿ, ಒಂದೊಂದೇ ಹೆಜ್ಜೆ ಕೆಳಗೆ ಇಳಿಸಿಕೊಂಡು ಟೆಂಟಿಗೆ ತಂದ. ಒದ್ದೆ ಬಟ್ಟೆ ಬದಲಾಯಿಸಿ ಅಂತ ಹೇಳಿ ಬೆನ್ನು ತಿರುಗಿಸಿ ನಿಂತ. ಆಮೇಲೆ ಶುಂಠಿ ಜಜ್ಜಿ ಹಾಕಿ, ಸಕ್ಕರೆ ಸುರಿದು ಟೀ ಮಾಡಿ ಕೊಟ್ಟ. ಲೋಟ ಹಿಡಿಯಲು ಕೈ ಬರಲಿಲ್ಲ, ಅವನೇ ಹಿಡಿದು ಕುಡಿಸಿದ. ಹೆಸರು ಕೇಳುವಷ್ಟರಲ್ಲಿ ತನ್ನ ಗುಂಪು ಹುಡುಕಿಕೊಂಡು ಹೊರಟೇಹೋದ.

ಆ ಕಡೆ ನಮ್ಮವರು ತುದಿ ನೋಡಿ ಇಳಿದು ಬಂದರೆ ಬಂಡೆ ಹತ್ತಿರ ನಾನಿಲ್ಲ. ಜಾರಿ ಬಿದ್ದಿದ್ದೇನೆ ಅಂದುಕೊಂಡು ನಿಮ್ಮ ಭಾವ ಆ ಇಳಿಜಾರಿನಲ್ಲಿ ಇಳಿಯಲು ಹೊರಟಿದ್ದರಂತೆ, ಗೈಡ್ ತಡೆದು ಹಿಡಿದುಕೊಂಡನಂತೆ. ಅವರು ಈಗ ಇಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ, ಸುಳ್ಳಾದರೆ ಹೇಳಲಿ.

ಅದಕ್ಕೇ ಹೇಳುತ್ತಿರುವುದು. ಗುಂಪು ಒಡೆಯಬಾರದು. ಹಿಂದೆ ಬಿದ್ದವರನ್ನು ಒಬ್ಬರನ್ನೇ ಕೂರಿಸಿ ಮುಂದೆ ಹೋಗಬಾರದು. ಯಾರಾದರೂ 'ನೀನು ಇಲ್ಲೇ ಇರು, ಬರುತ್ತೇವೆ' ಅಂದರೆ ಒಪ್ಪಬಾರದು.

ಇದೇನು ಹಳೇ ಕಾಲದ ಕಥೆ ಅನ್ನಬೇಡಿ. 2025ರ ಜೂನ್‌ನಲ್ಲಿ ಅದೇ ರಿಂಜಾನಿಯಲ್ಲಿ ಬ್ರೆಜಿಲ್‌ನ ಹುಡುಗಿಯೊಬ್ಬಳು ಬಿದ್ದು ಸತ್ತಳಲ್ಲ, ಟಿವಿಯಲ್ಲೆಲ್ಲ ಬಂತು. ಸುಸ್ತಾಗಿ ಗುಂಪಿನಿಂದ ಹಿಂದೆ ಉಳಿದಿದ್ದಳು ಅಂತ ಸುದ್ದಿಯಲ್ಲಿ ಹೇಳಿದರು. ಮಂಜು, ಕಡಿದಾದ ಜಾಗ, ಅವಳನ್ನು ಮೇಲೆ ತರುವಷ್ಟರಲ್ಲಿ ನಾಲ್ಕು ದಿನ ಆಯಿತು. ಆ ಸುದ್ದಿ ನೋಡಿದ ರಾತ್ರಿ ನಾನು ಊಟ ಮಾಡಲಿಲ್ಲ. ಆ ತಾಯಿ ಏನಾಗಿರಬೇಡ.

ನಮ್ಮ ಮನೆಯಲ್ಲಿ ಇದನ್ನು ಯಾರು ಕೇಳಿದರು ಹೇಳು? ಇಷ್ಟು ವರ್ಷ ಆದ ಮೇಲೆ ನೀನು ಕೇಳಿದೆ, ಅದೂ ಪುಟ್ಟಿ ಹೊರಟಳು ಅಂತ. ಆ ಸಲ ಊರಿಗೆ ಬಂದಾಗ ನಾನು ಫೋಟೋ ಎಲ್ಲ ತಂದಿದ್ದೆ. ಆ ನೀಲಿ ಕೆರೆ, ಅದರ ಪಕ್ಕದ ಬಿಸಿನೀರಿನ ಊಟೆ. ಬಾಲಿಯ ಹಿಂದೂಗಳು ಅಲ್ಲಿಯವರೆಗೂ ನಡೆದು ಬಂದು ಪೂಜೆ ಮಾಡಿ ಕೆರೆಗೆ ಚಿನ್ನ ಹಾಕುತ್ತಾರೆ ಅಂತ ಹೇಳಲು ಬಾಯಿ ತೆರೆದೆ. ಅತ್ತೆ ಏನಂದರು ಗೊತ್ತಲ್ಲ, 'ಮಕ್ಕಳನ್ನು ಬಿಟ್ಟು ಬೆಟ್ಟ ಸುತ್ತಲು ಹೋದಳು' ಅಂತ. ಸರಿ, ಅವರ ಕಾಲ ಬೇರೆ. ಆದರೆ ದೊಡ್ಡಣ್ಣ ಕೈಲಾಸ ಮಾನಸ ಸರೋವರಕ್ಕೆ ಹೋಗಿ ಬಂದಾಗ? ಬಸ್‌ಸ್ಟ್ಯಾಂಡಿಗೇ ಹಾರ ತಗೊಂಡು ಹೋದರು. ಮನೆಯಲ್ಲಿ ಸತ್ಯನಾರಾಯಣ ಪೂಜೆ, ಇಡೀ ಬೀದಿಗೆ ಊಟ. ಅವನು ಎಲ್ಲಿ ಕೂತ, ಎಲ್ಲಿ ಉಸಿರು ಕಟ್ಟಿತು, ಯಾರು ಚಹಾ ಕೊಟ್ಟರು, ಎಲ್ಲ ಕೂರಿಸಿಕೊಂಡು ಕೇಳಿದರು. ಕೇಳಬೇಕು, ಕೇಳಲಿ, ಅವನು ಕಷ್ಟಪಟ್ಟು ಹೋಗಿ ಬಂದವನು. ನನಗೆ ಹಾರ ಬೇಡವಾಗಿತ್ತು. ಸಾಯುವ ಹಾಗೆ ಆಗಿ ಬದುಕಿ ಬಂದಿದ್ದೆ, ಏನಾಯಿತು ಅಂತ ಒಂದು ಮಾತು ಯಾರೂ ಕೇಳಲಿಲ್ಲ. ಅಮ್ಮ ಕೂಡ. ಆ ಆಲ್ಬಮ್ ಇನ್ನೂ ಅಟ್ಟದ ಮೇಲಿನ ಟ್ರಂಕಿನಲ್ಲೇ ಇದೆ.

ಆ ಏರ್ಪಾಡು ಮಾಡಿದವರೂ ಅಷ್ಟೆ. ಜಕಾರ್ತಾದಲ್ಲಿ ಎಲ್ಲರ ಮುಂದೆ ತುದಿ ಮುಟ್ಟಿದ ಕಥೆ ಹೇಳಿದರು. ನನ್ನ ಹತ್ತಿರ ಒಂದು ಮಾತು 'ತಪ್ಪಾಯಿತು ಅಕ್ಕಾ' ಅನ್ನಲಿಲ್ಲ. ಹೋಗಲಿ ಬಿಡು.

ಪುಟ್ಟಿ, ಮತ್ತೆ ಹೇಳುತ್ತೇನೆ. ಒಬ್ಬಳೇ ಕೂರಬೇಡ, ಯಾರನ್ನೂ ಒಬ್ಬರನ್ನೇ ಕೂರಿಸಬೇಡ. ನಿನ್ನ ಮ್ಯಾನೇಜರ್ ಆದರೂ ಸರಿ, ಸೂರ್ಯೋದಯ ತಪ್ಪಿದರೂ ಸರಿ. ನಿಂತ ಕಡೆಯಲ್ಲೆಲ್ಲ ತಲೆ ಎಣಿಸಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ ಪದ್ದು. ಕಳಿಸು. ಬೇಡ ಅನ್ನಬೇಡ. ಆದರೆ ಬಾಕಿ ದುಡ್ಡು ಕಟ್ಟುವ ಮೊದಲು ಟ್ರೆಕ್ ನಡೆಸುವವರನ್ನು ಒಂದು ಮಾತು ಕೇಳಲು ಹೇಳು. ತುದಿಗೆ ಹೋಗುವ ರಾತ್ರಿ ಎಷ್ಟು ಗೈಡ್ ಇರುತ್ತಾರೆ, ಒಬ್ಬರಿಗೆ ಆಗಲಿಲ್ಲ ಅಂದರೆ ಅವರನ್ನು ಕೆಳಗೆ ಕರೆದುಕೊಂಡು ಬರುವವರು ಯಾರು? ಇದಕ್ಕೆ ನೇರವಾಗಿ ಉತ್ತರ ಕೊಡದಿದ್ದರೆ ಬೇರೆಯವರನ್ನು ನೋಡಿಕೊಳ್ಳಲಿ. ಆಫೀಸಿನವರೆಲ್ಲ ಸೇರಿ ಇನ್ನೊಬ್ಬ ಗೈಡಿನ ದುಡ್ಡು ಹಾಕಿಕೊಂಡರೆ ತಲೆಗೆ ಎಷ್ಟು ಬೀಳುತ್ತದೆ?

ವೀಸಿಂಗ್ ವಿಷಯ. ಈಗಲೇ ಡಾಕ್ಟರಿಗೆ ತೋರಿಸಿ, 3700 ಮೀಟರ್ ಎತ್ತರ, ಚಳಿ, ಧೂಳು ಅಂತ ಮೂರನ್ನೂ ಬಿಡಿಸಿ ಹೇಳಿ. ಅಲ್ಲಿ ಹೇಗೂ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ, ಸುಮ್ನೆ ಸಹಿ ಹಾಕಿಸಿಕೊಂಡು ಬರಬೇಡಿ. ಅವರು ಇನ್ಹೇಲರ್ ಬರೆದುಕೊಟ್ಟರೆ ಅದು ಬ್ಯಾಗಿನಲ್ಲಿ ಅಲ್ಲ, ಮೈಗೆ ಹತ್ತಿದ ಒಳಜೇಬಿನಲ್ಲಿ ಇರಬೇಕು. ಚಳಿಗೆ ಅದರೊಳಗಿನ ಗ್ಯಾಸ್ ಸರಿಯಾಗಿ ಬರುವುದಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಮುಂದಿನವರ ಕಾಲಿನ ಧೂಳೆಲ್ಲ ಹಿಂದಿನವರಿಗೇ ಬರುತ್ತದೆ.

ಹತ್ತಿ ಬಟ್ಟೆ ಬೇಡವೇ ಬೇಡ. ಒಣಗಿದ ಒಂದು ಜೊತೆ ಬಟ್ಟೆ, ಬೆಚ್ಚನೆಯ ಜಾಕೆಟ್, ಟೋಪಿ, ಗ್ಲೌಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅವಳ ಬೆನ್ನ ಮೇಲಿನ ಬ್ಯಾಗಿನಲ್ಲೇ ಇರಲಿ. ಭಾರ ಅಂತ ಯಾರು ಹೇಳಿದರೂ ಟೆಂಟಿನಲ್ಲಿ ಬಿಡಬಾರದು. ತಲೆಗೆ ಕಟ್ಟುವ ಟಾರ್ಚಿಗೆ ಇನ್ನೊಂದು ಸೆಟ್ ಬ್ಯಾಟರಿ. ಇನ್ಶೂರೆನ್ಸ್ ಮಾಡಿಸುವಾಗ ಎಷ್ಟು ಎತ್ತರದವರೆಗೆ ಅಂತ ಓದಿ ನೋಡಲಿ, ಕೆಲವು ಪಾಲಿಸಿಯಲ್ಲಿ ಮಿತಿ ಹಾಕಿರುತ್ತಾರೆ.

ಎರಡನೇ ದಿನವೇ ಕಷ್ಟದ್ದು. ತುದಿ ಹತ್ತಿ, ಕೆರೆಯವರೆಗೆ ಇಳಿದು, ಆ ಕಡೆಯ ಅಂಚಿಗೆ ಮತ್ತೆ ಹತ್ತಬೇಕು. ಮೂರನೇ ದಿನ ಸೆನಾರು ಕಡೆ ಕಾಡು. ಮರದ ಬೇರು, ಒದ್ದೆ ಮಣ್ಣು, ಎರಡು ಸಾವಿರ ಮೀಟರ್ ಬರೀ ಇಳಿತ. ನನ್ನ ಮಂಡಿ ಪೂರ್ತಿ ಹೋದದ್ದು ಅಲ್ಲೇ. ಎರಡು ಕೋಲು ಬೇಕೇ ಬೇಕು. ಕೋತಿಗಳಿವೆ, ತಿಂಡಿ ಹೊರಗೆ ತೆಗೆಯಬೇಡ. ಈಗಿನಿಂದ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಲಿ, ಇಳಿಯುವುದನ್ನೇ ಜಾಸ್ತಿ ಮಾಡಲಿ.

ಆ ಟ್ರೆಕ್‌ನವರು ಕಳಿಸಿದ ಪಿಡಿಎಫ್ ಈ ಗ್ರೂಪಿಗೆ ಹಾಕು ಪದ್ದು. ನಿಮ್ಮ ಭಾವ ಓದಿ ಹೇಳುತ್ತಾರೆ. ರಾತ್ರಿ ಪುಟ್ಟಿ ಬಂದ ಮೇಲೆ ವಿಡಿಯೋ ಕಾಲ್ ಮಾಡಿಸು, ಒಂಬತ್ತರ ಮೇಲೆ ಬೇಡ, ಮಾತ್ರೆ ತಗೊಂಡು ಮಲಗಿಬಿಡುತ್ತೇನೆ.