ಮಳೆಮಾಪಕ ನೋಡಿ ಹಣ ಕೊಡುವ ವಿಮೆ: ದ್ರಾಕ್ಷಿಗೆ ಇನ್ನೊಂದು ಬೇಕಾ?

ಪ್ರಶ್ನೆ (ತಿಕೋಟಾ ಕಡೆಯ ಬೆಳೆಗಾರ):
ಸರ್, ನಮಸ್ಕಾರ್ರೀ. ನಮ್ದು 3 ಎಕರೆ ದ್ರಾಕ್ಷಿ ಪಡ (ತೋಟ). ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಮಳೆ ಹಿಡಿದರೆ ಡೌನಿ ಎಂಬ ಬೂಜು ರೋಗ ಬಂದು ಗೊನೆಯೆಲ್ಲ ಹೋಗುತ್ತದೆ. ಹವಾಮಾನ ಆಧಾರಿತ ಸರ್ಕಾರಿ ವಿಮೆ ಕಟ್ಟಿದ್ದೇನೆ. ಈಗ ಒಬ್ಬ ಏಜೆಂಟರು ಖಾಸಗಿ ಪಾಲಿಸಿ ತಂದಿದ್ದಾರೆ. ‘ಸರ್ವೆ ಇಲ್ಲ, ಮಳೆ ಜಾಸ್ತಿ ಆದರೆ ಹಣ ತಾನೇ ಖಾತೆಗೆ ಬೀಳುತ್ತದೆ, ಬ್ಯಾಂಕ್ ಕಂತಿನ ಚಿಂತೆ ಬಿಡಿ’ ಅಂತಾರೆ. ತಗೊಳ್ಳಲಾ?

ಉತ್ತರ (ವಿಮಾ ಸಲಹೆಗಾರ, ವಿಜಯಪುರ):
ಸರ್ವೆ ಇಲ್ಲ ಅನ್ನೋದು ನಿಜ. ಕಂತಿನ ಮಾತು ಮಾತ್ರ ನಂಬಬೇಡಿ.

ಇಂಥ ಪಾಲಿಸಿ ನಿಮ್ಮ ಪಡವನ್ನು ನೋಡುವುದೇ ಇಲ್ಲ. ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ಎಷ್ಟು ಮಿ.ಮೀ. ದಾಖಲಾಯಿತು, ಅಷ್ಟೇ ಲೆಕ್ಕ. ಸತತ 2 ದಿನ 10 ಮಿ.ಮೀ. ದಾಟಿದರೆ ಪರಿಹಾರ ಅಂತ ಇದೆ ಅಂದುಕೊಳ್ಳಿ. ನಿಮ್ಮಲ್ಲಿ 25 ಸುರಿದು ಅಲ್ಲಿ 9 ಬಿದ್ದರೆ ಒಂದು ರೂಪಾಯಿಯೂ ಬರಲ್ಲ. ಉಲ್ಟಾನೂ ಆಗುತ್ತದೆ: ಬೆಳೆಗೆ ಏನೂ ಆಗದಿದ್ದರೂ ಹಣ ಬರಬಹುದು. ನಮ್ಮ ಕಡೆ ಮಳೆ ಗೊತ್ತಲ್ಲ, ರಸ್ತೆಯ ಈಚೆ ಹೊಡೆದರೆ ಆಚೆ ಧೂಳು.

ಸರ್ಕಾರಿ ವಿಮೆ ಬಿಡಬೇಡಿ. ತೋಟಗಾರಿಕೆ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 5 ದಾಟುವುದಿಲ್ಲ, ಲಕ್ಷಕ್ಕೆ 5,000. ಉಳಿದದ್ದನ್ನು ಕೇಂದ್ರ, ರಾಜ್ಯ ಕಟ್ಟುತ್ತವೆ. ಖಾಸಗಿಯದಕ್ಕೆ ಪೂರ್ತಿ ಪ್ರೀಮಿಯಂ ನಿಮ್ಮದೇ. ಹಣ ಕೊಡುವ ಮೊದಲು ಟರ್ಮ್ ಶೀಟ್ (ಷರತ್ತುಗಳ ಪಟ್ಟಿ) ಕೇಳಿ. ಯಾವ ಕೇಂದ್ರ, ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ, ಎಷ್ಟು ಮಿ.ಮೀ. ಎಲ್ಲ ಅದರಲ್ಲೇ ಇರುತ್ತದೆ. ನೀವು ಸೆಪ್ಟೆಂಬರಿನಲ್ಲೇ ಚಾಟ್ನಿ ಮಾಡಿ, ರಕ್ಷಣೆ ನವೆಂಬರಿನಿಂದ ಶುರುವಾದರೆ ಹೂ ಬಿಡುವ ಹೊತ್ತಿಗೆ ವಿಮೆಯೇ ಇರಲ್ಲ, ಅಲ್ವಾ? ಪಾಲಿಸಿ ಮೇಲೆ ಯುಐಎನ್ ನಂಬರ್ (ವಿಮಾ ಯೋಜನೆಯ ಗುರುತಿನ ಸಂಖ್ಯೆ) ಇದೆಯಾ ನೋಡಿ. ಅದನ್ನು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ವೆಬ್‌ಸೈಟಿನಲ್ಲಿ ಹಾಕಿ ಪರೀಕ್ಷಿಸಬಹುದು.

ಇನ್ನೊಬ್ಬ ಸದಸ್ಯರು:
ಆಲಿಕಲ್ಲು ಬಿದ್ದರೆ ಏನ್ ಮಾಡೋದ್ರೀ?

ಉತ್ತರ:
ಸರ್ಕಾರಿ ವಿಮೆಯಲ್ಲಿ ಆಲಿಕಲ್ಲಿನ ಹೆಚ್ಚುವರಿ ರಕ್ಷಣೆ ತಗೊಂಡಿದ್ದರೆ ಪಡಕ್ಕೇ ಬಂದು ನೋಡುತ್ತಾರೆ. 72 ಗಂಟೆಯೊಳಗೆ ತಿಳಿಸಬೇಕು, ಫೋಟೋ ಇಟ್ಟುಕೊಳ್ಳಿ. ಶೆಡ್ಡಿನಲ್ಲಿ ಒಣಗುತ್ತಿರುವ ಮಣೂಕಕ್ಕೆ (ಒಣದ್ರಾಕ್ಷಿಗೆ) ಈ ವಿಮೆ ಸಂಬಂಧವಿಲ್ಲ.

ಪ್ರಶ್ನೆ ಕೇಳಿದವರು:
ಏಜೆಂಟರಿಗೆ ಫೋನ್ ಮಾಡಿದೆ ಸರ್. ಸರ್ಕಾರಿ ವಿಮೆ, ಖಾಸಗಿ ಪಾಲಿಸಿ ಎರಡಕ್ಕೂ ಅದೇ ಹವಾಮಾನ ಕೇಂದ್ರವಂತೆ.

ಉತ್ತರ:
ಹಾಗಿದ್ರೆ ಬೇಡ. ಆ ಕೇಂದ್ರ ಕೈ ಕೊಟ್ಟರೆ ಎರಡೂ ಒಟ್ಟಿಗೇ ಕೈ ಕೊಡುತ್ತವೆ. ಆ ಪ್ರೀಮಿಯಂ ದುಡ್ಡನ್ನು ಬ್ಯಾಂಕಿನ ಆರ್‌ಡಿಗೆ (ತಿಂಗಳ ಉಳಿತಾಯ ಠೇವಣಿಗೆ) ಹಾಕಿ, ಒಂದು ಕಂತಿನಷ್ಟು ಕೈಯಲ್ಲಿರಲಿ. ಸರ್ಕಾರಿ ವಿಮೆಯ ಟರ್ಮ್ ಶೀಟ್ ಫೋಟೋ ಇಲ್ಲಿ ಕಳಿಸಿ, ದಿನಾಂಕ ನಿಮ್ಮ ಚಾಟ್ನಿಗೆ ಹೊಂದುತ್ತಾ ನೋಡಿ ಹೇಳ್ತೀನಿ.