ಸಹಾಯ ಬೇಕು: ಹ್ಯಾಲೋವೀನ್ ಕ್ಯಾಂಡಿ, ಕಡಲೆಕಾಯಿ ಅಲರ್ಜಿ
ಅಮೆರಿಕದಲ್ಲಿರುವ ಅಪ್ಪ-ಅಮ್ಮಂದಿರೇ, ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ 6 ವರ್ಷದ ಮಗಳನ್ನು ಟ್ರಿಕ್-ಆರ್-ಟ್ರೀಟ್‌ಗೆ (ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳೋದು) ಕಳಿಸೋಕೆ ಆಸೆಯೂ ಇದೆ, ಅಳುಕೂ ಇದೆ. ಮನೆಮನೆ ಸುತ್ತಿ ದಸರಾ ಗೊಂಬೆ ನೋಡಿ ಚರ್ಪು ತರೋ ಹಾಗೇ ಇದೂ, ಬಾಗಿಲು ತಟ್ಟೋದಕ್ಕೆ ತಕರಾರಿಲ್ಲ. ತೊಡಕಿರೋದು ಚೀಲದೊಳಗೆ. ಸ್ಟಾರ್‌ಬರ್ಸ್ಟ್ ಕ್ಯಾಂಡಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋ ಜೆಲಾಟಿನ್, ನಾವು ಸಸ್ಯಾಹಾರಿಗಳು. ಸ್ನಿಕರ್ಸ್, ರೀಸಸ್‌ನಲ್ಲಿ ಕಡಲೆಕಾಯಿ, ಅದು ಅವಳಿಗೆ ಅಲರ್ಜಿ. ಬೆರಳುದ್ದದ ಪೊಟ್ಟಣದ ಮೇಲೆ ಎಷ್ಟೋ ಸಲ ಪದಾರ್ಥಗಳ ಪಟ್ಟಿಯೇ ಇರಲ್ಲ; ದೊಡ್ಡದರಲ್ಲಿ ಇಲ್ಲದ್ದು ಪುಟ್ಟದರಲ್ಲಿ ಇರಲೂಬಹುದು. ಅಲರ್ಜಿ ತೀವ್ರವಾದರೆ ತಕ್ಷಣ ಕೊಡೋ ಎಪಿನೆಫ್ರಿನ್ ಇಂಜೆಕ್ಷನ್ ಜೊತೆಗೇ ಇರುತ್ತೆ, ಮನೆಗೆ ಬರೋ ತನಕ ಒಂದನ್ನೂ ಬಾಯಿಗಿಡೋ ಹಾಗಿಲ್ಲ. ಹಸಿರುನೀಲಿ ಬಣ್ಣದ ಕುಂಬಳಕಾಯಿ ಇಟ್ಟವರು ತಿಂಡಿಯಲ್ಲದ ಉಡುಗೊರೆ ಕೊಡ್ತಾರೆ, ಆದರೆ ಅಂಥ ಮನೆ ಕಡಿಮೆ. ಮಕ್ಕಳಿಂದ ಕ್ಯಾಂಡಿ ವಾಪಸ್ ತಗೊಂಡು ಬದಲಿಗೆ ಏನು ಕೊಡ್ತೀರಿ, ಎಷ್ಟಕ್ಕೆ ಎಷ್ಟು? ಮಗಳು ಬಂದಾಗ ಕೊಡಿ ಅಂತ ಪಕ್ಕದ ಮನೆಗಳಲ್ಲಿ ಮುಂಚೆಯೇ ನಮ್ಮದೇ ಪೊಟ್ಟಣ ಕೊಟ್ಟಿಟ್ಟರೆ ತಪ್ಪು ತಿಳೀತಾರಾ?