ಅಪ್‌ಡೇಟ್: ಗಂಡಭೇರುಂಡಕ್ಕೆ ಕೊನೆಗೂ ಹಾಕಿದ ಬಿಟ್‌ಗಳು

ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಸಾಗುವಾನಿ ಹಲಗೆಯಲ್ಲಿ 12 ಮಿ.ಮೀ. ಆಳದ ಗಂಡಭೇರುಂಡ ಕೆತ್ತಬೇಕು, ರಫಿಂಗ್‌ಗೆ, ಅಂದರೆ ಮೊದಲ ಒರಟು ಕೆತ್ತನೆಗೆ, 6 ಮಿ.ಮೀ. ಬಿಟ್ (ತಿರುಗುತ್ತಾ ಮರ ಕೊರೆಯುವ ಅಲಗು) ಹಾಕಲಾ, 3 ಮಿ.ಮೀ. ಸಾಕಾ ಅಂತ ಕೇಳಿದ್ದೆನಲ್ಲ, ಕೆಲಸ ಮುಗಿಯಿತು.

ಎರಡೂ ಬೇಕಾಯಿತು. ಮೊದಲು 6 ಮಿ.ಮೀ.ನ ಎರಡು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್ (ತುದಿ, ಬದಿ ಎರಡರಲ್ಲೂ ಕೊರೆಯುವ ಗಟ್ಟಿ ಬಿಟ್). ಒಂದು ಪಾಸಿಗೆ (ಸುತ್ತಿಗೆ) 2 ಮಿ.ಮೀ. ಆಳ, ಸ್ಟೆಪ್‌ಓವರ್ (ಒಂದು ಗೆರೆಯಿಂದ ಪಕ್ಕದ ಗೆರೆಗೆ ಬಿಟ್ ಸರಿಯುವ ದೂರ) ಬಿಟ್ಟಿನ ಅಗಲದ 40%, ಫಿನಿಶಿಂಗ್‌ಗೆ, ಅಂದರೆ ಕೊನೆಯ ನಯಗೆಲಸಕ್ಕೆ ಅಂತ 0.5 ಮಿ.ಮೀ. ಮರ ಉಳಿಸಿದೆ. ಬಿಟ್ ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 12,000 ಸುತ್ತು (ಆರ್‌ಪಿಎಂ), ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 1,200 ಮಿ.ಮೀ. ಲೆಕ್ಕ ಹಾಕಿದರೆ ಒಂದೊಂದು ಹಲ್ಲೂ 0.05 ಮಿ.ಮೀ. ಕಚ್ಚುತ್ತದೆ. ಬೀಳುತ್ತಿದ್ದದ್ದು ಹಿಟ್ಟಿನಂಥ ಪುಡಿಯಲ್ಲ, ಬೆರಳಿಗೆ ಸಿಗುವ ಚಕ್ಕೆ. ಮರ ಸುಟ್ಟ ವಾಸನೆ ಬಂದರೆ ಫೀಡ್ ಇಳಿಸಿ ಅನ್ನುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ. ನಿಧಾನವಾದಷ್ಟೂ ಬಿಟ್ ಕೊರೆಯದೆ ಸುಮ್ನೆ ಉಜ್ಜುತ್ತದೆ, ಬಿಸಿ ಜಾಸ್ತಿಯಾಗುತ್ತದೆ.

ತೊಡಕಿದ್ದದ್ದು ಎರಡು ಕತ್ತುಗಳ ನಡುವಿನ ಸಂದಿಯಲ್ಲಿ. ಅಲ್ಲಿ 6 ಮಿ.ಮೀ. ಬಿಟ್ ಇಳಿಯುವುದೇ ಇಲ್ಲ, ಮರ ಹಾಗೇ ದಪ್ಪಗೆ ನಿಲ್ಲುತ್ತದೆ. ಫಿನಿಶಿಂಗ್ ಬಿಟ್ಟಿನ ಸಣ್ಣ ತುದಿ ಹೋಗಿ ಅದಕ್ಕೆ ಬಡಿದರೆ ಮುರಿಯುವುದೇ ಅಲ್ವಾ? ಅದಕ್ಕೇ ಉಳಿದ ಮೂಲೆಗಳಿಗೆ ಮಾತ್ರ 3.175 ಮಿ.ಮೀ. ಬಿಟ್‌ನಲ್ಲಿ ರೆಸ್ಟ್ ಮೆಷಿನಿಂಗ್ (ದೊಡ್ಡ ಬಿಟ್ ಬಿಟ್ಟ ಮರವನ್ನಷ್ಟೇ ಸಣ್ಣದರಲ್ಲಿ ತೆಗೆಯುವುದು) ಮಾಡಿಸಿದೆ.

ಕೊನೆಗೆ ಫಿನಿಶಿಂಗ್‌ಗೆ 1 ಮಿ.ಮೀ. ತುದಿಯ ಟೇಪರ್ ಬಾಲ್‌ನೋಸ್ (ತುದಿ ಕಡೆ ಸಣ್ಣಗಾಗುತ್ತಾ ಹೋಗುವ, ಗುಂಡು ತುದಿಯ ಬಿಟ್), ಸ್ಟೆಪ್‌ಓವರ್ 0.1 ಮಿ.ಮೀ. ಹೆಚ್ಚು ಹೊತ್ತು ತಿಂದದ್ದು ಇದೇ. ಗರಿಗಳ ಗೆರೆ ಚೂಪಾಗಿ ಬಂದಿವೆ, ಹಳೇ ಟೂತ್‌ಬ್ರಷ್‌ನಲ್ಲಿ ಜುಂಗು ತೆಗೆದರೆ ಸಾಕು. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ. ಒಂದು ಸ್ಪೇರ್ ಇಟ್ಟುಕೊಳ್ಳಿ.